ರೆಕ್ಕೆಗೆ ತಕ್ಕ ಎಂಜಿನು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಎಂಬ ಬೆಟ್ಟವಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸಾವಿರ ಮೀಟರಿಗೆ ತುಸು ಮಿಗಿಲು. ಇತಿಹಾಸವನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ ಇಲ್ಲಿಯ ಅಶೋಕನ ಶಾಸನವನ್ನೂ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುತ್ತಲಿನ ಹಳ್ಳಿಗಳ ಜನಕ್ಕಾದರೋ ಈ ಬೆಟ್ಟ ದೊಡ್ಡದಾದುದು ಬೇರೊಂದು ಕಾರಣದಿಂದ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿ ಕಾದಿದ ಜಟಾಯುವು ರೆಕ್ಕೆ ಕಳೆದುಕೊಂಡು ಬಿದ್ದುದು ಇಲ್ಲಿಯೇ ಎಂಬುದು ಅವರ ನಂಬಿಕೆ. ಜಟಿಂಗ ಎಂಬ ಹೆಸರೂ ಜಟಾಯುವಿನಿಂದಲೇ ಬಂದುದೆಂದು ಹೇಳುವರು.

ಕಥೆಯನ್ನು ಕಥೆಯಾಗಿಯೇ ಇಟ್ಟುಕೊಂಡರೂ ಅದರಲ್ಲಿ ಯಂತ್ರಶಾಸ್ತ್ರದ ಒಂದು ಮಾತು ಅಡಗಿದೆ. ಹಕ್ಕಿಯ ಕಸುವು ಇರುವುದು ಎದೆಯ ಸ್ನಾಯುಗಳಲ್ಲಿ. ಆ ಕಸುವನ್ನು ಗಾಳಿಗೆ ಒಪ್ಪಿಸಿ ಮೈಯನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆ ಹೋದ ಮೇಲೆ ಎದೆಯಲ್ಲಿ ಎಷ್ಟು ಕಸುವಿದ್ದರೇನು? ವಿಮಾನದ ಮಾತೂ ಹೀಗೆಯೇ. ಎಂಜಿನು ಅದರ ಎದೆ. ರೆಕ್ಕೆ ಅದರ ರೆಕ್ಕೆಯೇ.

ಈ ಬೆಟ್ಟದ ನೆರೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಈಗ ಒಂದು ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದ ಈ ಕ್ಷೇತ್ರವು 2017ರ ಮೇ 28ರಂದು ಉದ್ಘಾಟನೆಯಾಯಿತು. ದನ ಮೇಯುತ್ತಿದ್ದ ಈ ಬಯಲಿನ ಮೇಲೆ ಈಚಿನ ವರ್ಷಗಳಲ್ಲಿ ಬಗೆಬಗೆಯ ರೆಕ್ಕೆಗಳು ಹಾರಿವೆ: ಸಪೂರವಾಗಿ ನೀಳವಾದುದು, ಬಾಲವೇ ಇಲ್ಲದುದು, ಮೊಟಕಾಗಿ ತ್ರಿಕೋನಾಕಾರವಾಗಿರುವುದು. ಇವುಗಳಲ್ಲಿ ಒಂದರ ಹೆಸರಿನ ಮೂಲವನ್ನು ಹುಡುಕಿಕೊಂಡು ಹಿಂದಕ್ಕೆ ಹೋದರೆ ನಾವು ದೊಡ್ಡ ಕಾರ್ಖಾನೆಯೊಂದನ್ನು ಮುಟ್ಟುವುದಿಲ್ಲ; ಹವ್ಯಾಸಿಗಳು ತಮ್ಮ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಪುಟ್ಟ ವಿಮಾನವೊಂದನ್ನು ಮುಟ್ಟುತ್ತೇವೆ. ಅಂಥ ವಿಮಾನದ ನಡತೆಯನ್ನು ಅದರ ರೆಕ್ಕೆಯೂ ಎಂಜಿನೂ ಹೇಗೆ ನಿರ್ಣಯಿಸುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕೊಟ್ಟಿಗೆಯಲ್ಲಿ ಹುಟ್ಟಿದ ವಿಮಾನ

ಮನೆಯಲ್ಲಿ ಕಟ್ಟಿದ ವಿಮಾನವೆಂದರೆ ಆಟದ ಸಾಮಾನಲ್ಲ. ಮನುಷ್ಯನು ಕುಳಿತು ನೂರಾರು ಮೈಲಿ ಹೋಗಬಲ್ಲ ನಿಜವಾದ ವಿಮಾನವದು. ಅಮೆರಿಕದ ನಿಯಮದಂತೆ ಅದರ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳು ಕಲಿಕೆಗಾಗಿ ಇಲ್ಲವೆ ವಿನೋದಕ್ಕಾಗಿ ತಾವೇ ಮಾಡಿರಬೇಕು. ನಕ್ಷೆಯನ್ನು ಕೊಳ್ಳಬಹುದು, ಎಂಜಿನನ್ನು ಕೊಳ್ಳಬಹುದು. ಆದರೆ ಕೊಯ್ದು, ಅಂಟಿಸಿ, ಕೂಡಿಸುವ ಕೈ ತನ್ನದಾಗಿರಬೇಕು.

ಇಂಥ ವಿಮಾನಗಳ ಚರಿತ್ರೆಯಲ್ಲಿ ಅಮೆರಿಕದ ಬರ್ಟ್ ರುಟಾನ್ ಅವರ ‘ಲಾಂಗ್ ಈಜಿ’ಗೆ ದೊಡ್ಡ ಸ್ಥಾನವುಂಟು. 1979ರಲ್ಲಿ ಮೊದಲು ಹಾರಿದ ಈ ವಿಮಾನದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರಬಹುದು. ಕಾದ ತಂತಿಯಿಂದ ನೊರೆ ಪ್ಲಾಸ್ಟಿಕ್ಕಿನ ದಿಮ್ಮಿಯನ್ನು ರೆಕ್ಕೆಯ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಿಂದ ಹೊದಿಸುವುದು ಇದನ್ನು ಕಟ್ಟುವ ಕ್ರಮ. ಎಂಜಿನು ಮತ್ತು ಪ್ರೊಪೆಲರು ಹಿಂಬದಿಯಲ್ಲಿವೆ. ಬಾಲದಲ್ಲಿರಬೇಕಾದ ಕಿರುರೆಕ್ಕೆ ಮೂತಿಯ ಬಳಿ ಇದೆ. ಮೂತಿಯ ಬಳಿಯ ಈ ಕಿರುರೆಕ್ಕೆಗೆ ‘ಕೆನಾರ್ಡ್’ ಎಂದು ಹೆಸರು.

1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಪ್ರೊಫೆಸರ್ ರುಸ್ತುಮ್ ದಮಾನಿಯಾ ಅವರ ನೇತೃತ್ವದ ತಂಡವು ಈ ಲಾಂಗ್ ಈಜಿಯನ್ನು ಆಧಾರವಾಗಿಟ್ಟುಕೊಂಡು ಹಗುರವಾದ ಕೆನಾರ್ಡ್ ಸಂಶೋಧನಾ ವಿಮಾನವೊಂದನ್ನು ಸಿದ್ಧಪಡಿಸಿತು. ಮುಂದೆ ಆ ಪ್ರಯೋಗಾಲಯವು ಗಾಜಿನ ನೂಲಿನ ಮೈಯುಳ್ಳ ‘ಹಂಸ’ ಎಂಬ ತರಬೇತಿ ವಿಮಾನವನ್ನು ನಿರ್ಮಿಸಿತು. ಅದರ ಮೊದಲ ಹಾರಾಟ 1993ರ ನವೆಂಬರಿನಲ್ಲಿ ನಡೆಯಿತು. ಕೆನಾರ್ಡ್ ವಿಮಾನವಾದರೋ ಇನ್ನೊಂದು ದಾರಿ ಹಿಡಿಯಿತು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯವರು ಅದರಿಂದ ಚಾಲಕನನ್ನು ಕೆಳಗಿಳಿಸಿ, ನೆಲದಿಂದಲೇ ನಡೆಸಬಹುದಾದ ವಿಮಾನವನ್ನಾಗಿ ಮಾಡಿದರು. 2001ರಲ್ಲಿ ತೀರಿಕೊಂಡ ದಮಾನಿಯಾ ಅವರ ನೆನಪಿಗಾಗಿ ಅದಕ್ಕೆ ‘ರುಸ್ತುಮ್’ ಎಂದು ಹೆಸರಿಟ್ಟರು. ಹೊಸೂರಿನ ವಿಮಾನ ನಿಲ್ದಾಣದಲ್ಲಿ 2009ರ ನವೆಂಬರಿನಲ್ಲಿ ನಡೆದ ಮೊದಲ ಪ್ರಯತ್ನವು ಇಳಿಯುವ ಹೊತ್ತಿನಲ್ಲಿ ಕೆಟ್ಟು ವಿಮಾನ ಮುರಿಯಿತು. 2010ರ ಅಕ್ಟೋಬರ್ 16ರಂದು ಅಲ್ಲಿಯೇ ರುಸ್ತುಮ್-1 ಯಶಸ್ವಿಯಾಗಿ ಹಾರಿತು. ಈ ಹೆಸರನ್ನು ಪಡೆದ ಎರಡನೆಯ ವಿಮಾನವೇ ಮುಂದೆ ಚಳ್ಳಕೆರೆಯ ಬಯಲಿಗೆ ಬಂದಿತು. ಅದರ ವಿಷಯವನ್ನು ಕೊನೆಯಲ್ಲಿ ನೋಡೋಣ.

ರೆಕ್ಕೆಯ ಹೊರೆ

ಹಾರುತ್ತಿರುವ ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ; ಅದಕ್ಕೆ ಪ್ರತಿಯಾಗಿ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಇದಕ್ಕೆ ಎತ್ತುಬಲವೆನ್ನೋಣ. ಈ ಬಲವು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ, ರೆಕ್ಕೆಯ ವಿಸ್ತೀರ್ಣ, ವೇಗದ ವರ್ಗ, ಮತ್ತು ರೆಕ್ಕೆಯು ಗಾಳಿಗೆ ಎಷ್ಟು ಓರೆಯಾಗಿ ಎದುರಾಗಿದೆ ಎಂಬುದು. ವೇಗವನ್ನು ಇಮ್ಮಡಿಸಿದರೆ ಎತ್ತುಬಲ ನಾಲ್ಕು ಮಡಿ ಆಗುತ್ತದೆ. ವೇಗ ಕುಗ್ಗಿದಾಗ ಚಾಲಕನು ಮೂತಿಯನ್ನು ಎತ್ತಿ ಓರೆಯನ್ನು ಹೆಚ್ಚಿಸುತ್ತಾನೆ. ಆದರೆ ಇದಕ್ಕೊಂದು ಮಿತಿಯುಂಟು. ಓರೆಯು ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ, ರೆಕ್ಕೆಯ ಬೆನ್ನಿನ ಮೇಲೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ, ಎತ್ತುಬಲ ಥಟ್ಟನೆ ಕುಸಿಯುತ್ತದೆ. ಇದೇ ರೆಕ್ಕೆ ಸೋಲುವ ಸ್ಥಿತಿ. ನೆಲಕ್ಕೆ ಹತ್ತಿರದಲ್ಲಿ ರೆಕ್ಕೆ ಸೋತರೆ ಚೇತರಿಸಿಕೊಳ್ಳಲು ಎತ್ತರವಿರುವುದಿಲ್ಲ.

ಆದುದರಿಂದ ವಿಮಾನವನ್ನು ಕಟ್ಟುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನನ್ನ ರೆಕ್ಕೆಯ ಪ್ರತಿ ಚದರ ಮೀಟರು ಎಷ್ಟು ತೂಕವನ್ನು ಹೊರಬೇಕು? ಲಾಂಗ್ ಈಜಿಯ ತುಂಬು ತೂಕ ಸುಮಾರು 600 ಕಿಲೋಗ್ರಾಂ. ರೆಕ್ಕೆಯ ವಿಸ್ತೀರ್ಣ 7.6 ಚದರ ಮೀಟರು. ಭಾಗಿಸಿದರೆ ಚದರ ಮೀಟರಿಗೆ 79 ಕಿಲೋಗ್ರಾಂ. ಹಂಸ-3ರ ತುಂಬು ತೂಕ 750 ಕಿಲೋಗ್ರಾಂ. ವಿಸ್ತೀರ್ಣ ಸುಮಾರು 12.5 ಚದರ ಮೀಟರು. ಹೊರೆ 60 ಕಿಲೋಗ್ರಾಂ. ಹಂಸವು ತೂಕದಲ್ಲಿ ಹೆಚ್ಚಾದರೂ ಅದರ ರೆಕ್ಕೆಯ ಹೊರೆ ಕಡಿಮೆ ಎಂಬುದನ್ನು ಗಮನಿಸಬೇಕು. ಹೊರೆ ಕಡಿಮೆಯಿದ್ದಷ್ಟೂ ವಿಮಾನವು ನಿಧಾನವಾಗಿ ಏರಬಲ್ಲದು, ನಿಧಾನವಾಗಿ ಇಳಿಯಬಲ್ಲದು. ಹೊಸದಾಗಿ ಕಲಿಯುವವನ ತಪ್ಪನ್ನು ಮನ್ನಿಸಬಲ್ಲದು. ಹೊರೆ ಹೆಚ್ಚಿದ್ದಷ್ಟೂ ರೆಕ್ಕೆ ಚಿಕ್ಕದು, ಗಾಳಿಯ ತಡೆ ಕಡಿಮೆ. ಆದುದರಿಂದ ದೂರದ ಪಯಣದಲ್ಲಿ ವೇಗ ಹೆಚ್ಚು. ಆದರೆ ಅಂಥ ವಿಮಾನಕ್ಕೆ ಉದ್ದನೆಯ ಓಟದ ಹಾದಿಯೂ ಪಳಗಿದ ಕೈಯೂ ಬೇಕು.

ಗೌಜಲಿನ ರೆಕ್ಕೆ, ಹದ್ದಿನ ರೆಕ್ಕೆ

ಚಳ್ಳಕೆರೆಯ ಕುರುಚಲು ಕಾಡಿನಲ್ಲಿ ನಡೆದು ನೋಡಿದವರಿಗೆ ಗೌಜಲು ಹಕ್ಕಿ ಗೊತ್ತು. ಕಾಲಬುಡದಿಂದ ಬುರ್ರೆಂದು ಎದ್ದು, ಸ್ವಲ್ಪ ದೂರ ಬಿರುಸಾಗಿ ಹಾರಿ, ಮತ್ತೆ ಪೊದೆಯೊಳಗೆ ಬೀಳುತ್ತದೆ. ಅದರ ರೆಕ್ಕೆ ಮೊಟಕು, ಅಗಲ. ಅದೇ ಹೊತ್ತಿನಲ್ಲಿ ಆಕಾಶದಲ್ಲಿ ಹದ್ದು ರೆಕ್ಕೆ ಬಡಿಯದೆಯೇ ಗಂಟೆಗಟ್ಟಲೆ ಸುತ್ತುತ್ತಿರುತ್ತದೆ. ಅದರ ರೆಕ್ಕೆ ನೀಳ.

ಕಾರಣವಿಷ್ಟೆ. ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ತುದಿಯಲ್ಲಿ ಕೆಳಗಿನ ಗಾಳಿಯು ಮೇಲಕ್ಕೆ ನುಸುಳಿಕೊಂಡು ಸುಳಿಯಾಗಿ ತಿರುಗುತ್ತದೆ. ಈ ಸುಳಿಯನ್ನು ತಿರುಗಿಸಲು ಬೇಕಾದ ಶಕ್ತಿಯನ್ನು ಎಂಜಿನೇ ತೆರಬೇಕು. ಹೀಗೆ ಉಂಟಾಗುವ ತಡೆಯನ್ನು ಸುಳಿತಡೆಯೆನ್ನೋಣ. ತೂಕವನ್ನೂ ವೇಗವನ್ನೂ ಬದಲಿಸದೆ ರೆಕ್ಕೆಯ ತುದಿಯಿಂದ ತುದಿಗಿರುವ ಉದ್ದವನ್ನು ಇಮ್ಮಡಿಸಿದರೆ ಸುಳಿತಡೆಯು ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದ ಹಾಗೆಯೇ ಇದ್ದು ತೂಕವು ನೂರಕ್ಕೆ 10ರಷ್ಟು ಏರಿದರೆ ಸುಳಿತಡೆಯು 21ರಷ್ಟು ಏರುತ್ತದೆ.

ಇದಲ್ಲದೆ ಇನ್ನೊಂದು ತಡೆಯೂ ಉಂಟು. ಅದು ಗಾಳಿಯು ವಿಮಾನದ ಮೈಗೆ ಉಜ್ಜುವುದರಿಂದಲೂ ಮೈಯ ಆಕಾರದಿಂದಲೂ ಆಗುವ ಮೈತಡೆ. ವೇಗ ಹೆಚ್ಚಿದಂತೆಲ್ಲ ಮೈತಡೆ ಹೆಚ್ಚುತ್ತದೆ, ಸುಳಿತಡೆ ಇಳಿಯುತ್ತದೆ. ಎರಡೂ ಸಮನಾಗುವ ವೇಗದಲ್ಲಿ ಒಟ್ಟು ತಡೆಯು ಅತ್ಯಂತ ಕಡಿಮೆ. ನಿಧಾನವಾಗಿ, ಬಹುಕಾಲ, ಬಹು ಎತ್ತರದಲ್ಲಿ ಹಾರಬೇಕಾದ ವಿಮಾನಕ್ಕೆ ಸುಳಿತಡೆಯೇ ಮುಖ್ಯ ಶತ್ರು. ಅದಕ್ಕೆ ನೀಳವಾದ ರೆಕ್ಕೆ ಬೇಕು. ವೇಗವಾಗಿ ಹೋಗಬೇಕಾದುದಕ್ಕೆ ಮೈತಡೆಯೇ ಮುಖ್ಯ ಶತ್ರು. ಅದಕ್ಕೆ ಚಿಕ್ಕದಾದ, ನುಣುಪಾದ ರೆಕ್ಕೆ ಬೇಕು.

ನೀಳವಾದ ರೆಕ್ಕೆ ಅಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಏಕೆ ಕಟ್ಟಬಾರದು? ಹೆಗಲ ಮೇಲಿನ ಕಾವಡಿಯನ್ನು ನೆನೆಯಿರಿ. ಕೋಲು ಉದ್ದವಾದಷ್ಟೂ ಅದೇ ಹೊರೆಗೆ ಹೆಚ್ಚು ಬಾಗುತ್ತದೆ; ಬಾಗದಿರಬೇಕಾದರೆ ಕೋಲು ದಪ್ಪವಾಗಬೇಕು, ಭಾರವಾಗಬೇಕು. ರುಟಾನ್ ಅವರೇ ರೂಪಿಸಿದ ‘ವಾಯೇಜರ್’ ಈ ಮಿತಿಯನ್ನು ಎಷ್ಟು ದೂರ ತಳ್ಳಬಹುದೆಂಬುದನ್ನು ತೋರಿಸಿತು. ಅದರ ರೆಕ್ಕೆ ತುದಿಯಿಂದ ತುದಿಗೆ 33.8 ಮೀಟರು. 1986ರ ಡಿಸೆಂಬರಿನಲ್ಲಿ ಇಬ್ಬರನ್ನು ಹೊತ್ತು, ಎಲ್ಲಿಯೂ ಇಳಿಯದೆ, ನಡುವೆ ಇಂಧನವನ್ನು ತುಂಬಿಸಿಕೊಳ್ಳದೆ, 9 ದಿನಗಳಲ್ಲಿ ಅದು ಭೂಮಿಯನ್ನು ಸುತ್ತಿತು. ಹೊರಟಾಗ ಅದರ ತೂಕದ ನಾಲ್ಕರಲ್ಲಿ ಸುಮಾರು ಮೂರು ಪಾಲು ಇಂಧನವೇ ಆಗಿತ್ತು. ಆ ಭಾರಕ್ಕೆ ಜಗ್ಗಿದ ರೆಕ್ಕೆಯ ತುದಿಗಳು ಓಟದ ಹಾದಿಯ ಮೇಲೆ ಉಜ್ಜಿ ಕಿತ್ತುಹೋದವು. ಅದಕ್ಕೆ ಎರಡು ಎಂಜಿನುಗಳಿದ್ದುವು: ಏರಲು ಎರಡೂ ಬೇಕು, ಭಾರ ಇಳಿದ ಮೇಲೆ ಸಾಗಲು ಹಿಂದಿನದೊಂದೇ ಸಾಕು. ರೆಕ್ಕೆಗೆ ತಕ್ಕಂತೆ ಎಂಜಿನನ್ನು ಆರಿಸುವುದೆಂದರೆ ಇದು.

ಮೂತಿಯ ಬಳಿಯ ಕಿರುರೆಕ್ಕೆ

ಲಾಂಗ್ ಈಜಿಯಲ್ಲಿ ಕೆನಾರ್ಡನ್ನು ಇಟ್ಟುದು ಚೆಲುವಿಗಾಗಿ ಅಲ್ಲ. ಸಾಮಾನ್ಯ ವಿಮಾನದಲ್ಲಿ ಬಾಲದ ಕಿರುರೆಕ್ಕೆಯು ಸಮತೋಲಕ್ಕಾಗಿ ಬಹುಮಟ್ಟಿಗೆ ಕೆಳಕ್ಕೆ ಒತ್ತುತ್ತಿರುತ್ತದೆ. ಕೆನಾರ್ಡಾದರೋ ತಾನೂ ಮೇಲಕ್ಕೆ ಎತ್ತುತ್ತದೆ. ಅದನ್ನು ಮುಖ್ಯ ರೆಕ್ಕೆಗಿಂತ ಮೊದಲೇ ಸೋಲುವಂತೆ ರೂಪಿಸಿರುತ್ತಾರೆ. ಚಾಲಕನು ಮರೆತು ಮೂತಿಯನ್ನು ಅತಿಯಾಗಿ ಎತ್ತಿದರೆ ಮೊದಲು ಕೆನಾರ್ಡು ಸೋಲುತ್ತದೆ, ಮೂತಿ ತಾನಾಗಿ ತಗ್ಗುತ್ತದೆ, ವೇಗ ಮರಳಿ ಬರುತ್ತದೆ. ಮುಖ್ಯ ರೆಕ್ಕೆಗೆ ಸೋಲುವ ಸಂದರ್ಭವೇ ಒದಗುವುದಿಲ್ಲ.

ಈ ರಕ್ಷಣೆಗೆ ಬೆಲೆಯನ್ನೂ ತೆರಬೇಕು. ಮುಖ್ಯ ರೆಕ್ಕೆಯು ತನ್ನ ಪೂರ್ಣ ಎತ್ತುಬಲವನ್ನು ಎಂದೂ ಮುಟ್ಟುವಂತಿಲ್ಲ. ಆದುದರಿಂದ ಇಳಿಯುವ ವೇಗ ಹೆಚ್ಚು, ಓಡುವ ದೂರ ಹೆಚ್ಚು. ಪ್ರೊಪೆಲರು ಹಿಂದಿರುವುದರಿಂದ ಚಕ್ರಗಳು ಚಿಮ್ಮಿಸಿದ ಕಲ್ಲುಗಳು ಅದಕ್ಕೇ ಹೋಗಿ ಬಡಿಯುತ್ತವೆ. ನಮ್ಮ ಬಯಲು ಸೀಮೆಯ ಜಲ್ಲಿ ನೆಲಕ್ಕೆ ಇಂಥ ವಿಮಾನ ಹೊಂದುವುದಿಲ್ಲ. ಇನ್ನೊಂದು ವಿಚಿತ್ರವನ್ನು ಹವ್ಯಾಸಿಗಳು ಹಾರಿದ ಮೇಲೆಯೇ ಕಂಡುಕೊಂಡರು. ಮೊದಲ ಲಾಂಗ್ ಈಜಿಗಳು ಮಳೆಯಲ್ಲಿ ಸಿಕ್ಕಿದಾಗ ಮೂತಿಯನ್ನು ತಗ್ಗಿಸುತ್ತಿದ್ದುವು. ಕೆನಾರ್ಡಿನ ಮೈ ಬಲು ನುಣುಪಾಗಿದ್ದರೆ ಮಾತ್ರ ಗಾಳಿಯು ಅದರ ಮೇಲೆ ಸರಿಯಾಗಿ ಹರಿಯುತ್ತಿತ್ತು. ನೀರಿನ ಹನಿಗಳು ಕೂತೊಡನೆ ಎತ್ತುಬಲ ಕುಗ್ಗುತ್ತಿತ್ತು. ಮುಂದೆ ಜಾನ್ ರಾಂಜ್ ಎಂಬವರು ರೂಪಿಸಿದ ಬೇರೊಂದು ಅಡ್ಡಕೊಯ್ತದ ಆಕಾರವನ್ನು ಬಳಸಿ ಈ ದೋಷವನ್ನು ನಿವಾರಿಸಿದರು. ರೆಕ್ಕೆಯ ಆಕಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಎಂಜಿನು ಕೊಡುವುದೇನು?

ಲಾಂಗ್ ಈಜಿಗೆ ಸಾಮಾನ್ಯವಾಗಿ ಹಾಕುತ್ತಿದ್ದುದು 115 ಅಶ್ವಶಕ್ತಿಯ ಲೈಕಮಿಂಗ್ ಎಂಜಿನು. ಸುಮಾರು ಅದೇ ಉದ್ದದ, ಎಂದರೆ 7.9 ಮೀಟರಿನ ರೆಕ್ಕೆಯ ರುಸ್ತುಮ್-1ಕ್ಕೆ ಹಾಕಿದುದು 150 ಅಶ್ವಶಕ್ತಿಯದು. ಶಕ್ತಿಯಲ್ಲಿ ನೂರಕ್ಕೆ 30ರಷ್ಟು ಏರಿಕೆ. ಹಾಗಾದರೆ ಇಂಥ ಬದಲಾವಣೆಯಿಂದ ವೇಗವೂ 30ರಷ್ಟು ಏರುವುದೆ?

ಇಲ್ಲ. ವೇಗವಾಗಿ ಹೋಗುವಾಗ ತಡೆಯು ವೇಗದ ವರ್ಗದಂತೆ ಹೆಚ್ಚುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿಯು ವೇಗದ ಘನದಂತೆ ಹೆಚ್ಚುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಮಡಿ ಬೇಕು. 1.3ರ ಘನಮೂಲವನ್ನು ತೆಗೆದು ನೋಡಿದರೆ, 30ರಷ್ಟು ಹೆಚ್ಚಿನ ಶಕ್ತಿಯಿಂದ ದೊರೆಯುವುದು ಕೇವಲ 9ರಷ್ಟು ಹೆಚ್ಚಿನ ವೇಗ.

ಹಾಗಾದರೆ ದೊಡ್ಡ ಎಂಜಿನು ವ್ಯರ್ಥವೆ? ಅದೂ ಅಲ್ಲ. ಅದರ ಲಾಭ ಕಾಣುವುದು ಏರಿಕೆಯಲ್ಲಿ. ಉದಾಹರಣೆಗಾಗಿ 600 ಕಿಲೋಗ್ರಾಂ ತೂಕದ ವಿಮಾನವೊಂದು ಮಟ್ಟವಾಗಿ ಹಾರಲು 40 ಅಶ್ವಶಕ್ತಿ ಬೇಕೆಂದು ಇಟ್ಟುಕೊಳ್ಳೋಣ. ಪ್ರೊಪೆಲರು ಎಂಜಿನಿನ ಶಕ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಮಾತ್ರ ಗಾಳಿಗೆ ತಲುಪಿಸುತ್ತದೆ ಎಂದುಕೊಳ್ಳೋಣ. 115ರಲ್ಲಿ 86 ತಲುಪುತ್ತದೆ. 40 ಕಳೆದರೆ 46 ಉಳಿಯುತ್ತದೆ. ಒಂದು ಅಶ್ವಶಕ್ತಿಯೆಂದರೆ 75 ಕಿಲೋಗ್ರಾಂ ತೂಕವನ್ನು ಸೆಕೆಂಡಿಗೆ 1 ಮೀಟರು ಎತ್ತುವ ಶಕ್ತಿ. ಆದುದರಿಂದ ನಮ್ಮ ವಿಮಾನವು ಸೆಕೆಂಡಿಗೆ ಸುಮಾರು 5.7 ಮೀಟರು ಏರುತ್ತದೆ. ಎಂಜಿನು 150ರದಾದರೆ ಉಳಿಯುವುದು 72. ಏರಿಕೆ ಸುಮಾರು 9 ಮೀಟರು. ವೇಗದಲ್ಲಿ ನೂರಕ್ಕೆ 9ರಷ್ಟು ಲಾಭ ಕೊಟ್ಟ ಶಕ್ತಿಯೇ ಏರಿಕೆಯಲ್ಲಿ ಅರ್ಧಕ್ಕೂ ಮಿಕ್ಕ ಲಾಭವನ್ನು ಕೊಟ್ಟಿತು. ಎಂಜಿನಿನ ಮಿಗುತಾಯವೇ ಏರಿಕೆ ಎಂಬುದು ವಿಮಾನಶಾಸ್ತ್ರದ ಒಂದು ಮೂಲಸೂತ್ರ.

ಆದರೆ ಶಕ್ತಿಯು ಪುಕ್ಕಟೆ ಬರುವುದಿಲ್ಲ. ಪೆಟ್ರೋಲ್ ಎಂಜಿನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 200 ಗ್ರಾಂ ಇಂಧನವನ್ನು ಉಣ್ಣುತ್ತದೆ. ದೊಡ್ಡ ಎಂಜಿನಿಗೆ ಹೆಚ್ಚು ಇಂಧನ, ಹೆಚ್ಚು ಇಂಧನಕ್ಕೆ ದೊಡ್ಡ ತೊಟ್ಟಿ, ಇವೆಲ್ಲಕ್ಕೂ ಗಟ್ಟಿಯಾದ ರೆಕ್ಕೆ. ಹೀಗೆ ತೂಕವು ತೂಕವನ್ನೇ ಹೆರುತ್ತದೆ. ಲೈಕಮಿಂಗ್ ಎಂಜಿನಿನ ತೂಕ ನೂರು ಕಿಲೋಗ್ರಾಮಿಗೂ ಮೀರಿದ್ದು. ಕೆನಾರ್ಡ್ ವಿಮಾನದಲ್ಲಿ ಅದು ಹಿಂಬದಿಯಲ್ಲಿರುವುದರಿಂದ, ಇನ್ನೂ ಭಾರವಾದ ಎಂಜಿನನ್ನು ಹಾಕಿದರೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅತಿಯಾಗಿ ಸರಿದರೆ ಕೆನಾರ್ಡಿಗಿಂತ ಮೊದಲು ಮುಖ್ಯ ರೆಕ್ಕೆಯೇ ಸೋಲಬಹುದು. ಆಗ ಮೇಲೆ ಹೇಳಿದ ರಕ್ಷಣೆಯೆಲ್ಲ ತಲೆಕೆಳಗಾಯಿತು!

ಹಂಸದ ಚರಿತ್ರೆಯೂ ಎಂಜಿನಿನ ಆಯ್ಕೆ ಎಷ್ಟು ಮುಖ್ಯವೆಂಬುದನ್ನು ತೋರಿಸುತ್ತದೆ. ಮೊದಲ ಮಾದರಿಯಲ್ಲಿ ಕಾಂಟಿನೆಂಟಲ್ ಎಂಜಿನು ಇತ್ತು. ಹಂಸ-3ಕ್ಕೆ ಆಸ್ಟ್ರಿಯದ ರೋಟಾಕ್ಸ್ 914 ಬಂದಿತು. 2021ರ ಸೆಪ್ಟೆಂಬರಿನಲ್ಲಿ ಹಾರಿದ ಹೊಸ ಹಂಸಕ್ಕೆ ಅದೇ ಕಂಪೆನಿಯ 912ರ ಒಂದು ಮಾದರಿ ಬಂದಿತು. ರೋಟಾಕ್ಸ್ ಹಗುರವಾದ ಎಂಜಿನು; ನಿಮಿಷಕ್ಕೆ 5,800 ಸುತ್ತಿನವರೆಗೆ ತಿರುಗಿ ಸಣ್ಣ ಗಾತ್ರದಲ್ಲಿಯೇ ಸುಮಾರು 100 ಅಶ್ವಶಕ್ತಿಯನ್ನು ಕೊಡುತ್ತದೆ. ಅಷ್ಟು ಬಿರುಸಾಗಿ ತಿರುಗಿದರೆ ಪ್ರೊಪೆಲರಿನ ತುದಿಯು ಶಬ್ದದ ವೇಗವನ್ನು ಮೀರಿ ಶಕ್ತಿಯನ್ನೆಲ್ಲ ಗದ್ದಲದಲ್ಲಿ ಕಳೆದುಬಿಡುತ್ತದೆ. ಆದುದರಿಂದ ನಡುವೆ ಹಲ್ಲುಚಕ್ರಗಳನ್ನಿಟ್ಟು ಪ್ರೊಪೆಲರನ್ನು 2,400 ಸುತ್ತಿಗೆ ಇಳಿಸುತ್ತಾರೆ. ಲೈಕಮಿಂಗ್ ಮೊದಲೇ ನಿಧಾನವಾಗಿ ತಿರುಗುವುದರಿಂದ ಅದಕ್ಕೆ ಹಲ್ಲುಚಕ್ರ ಬೇಡ. ಭಾರ ಹೆಚ್ಚು, ಭಾಗಗಳು ಕಡಿಮೆ. ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದಕ್ಕಿಂತ ಯಾವ ರೆಕ್ಕೆಗೆ ಯಾವುದು ತಕ್ಕುದೆಂದು ಕೇಳುವುದು ಉಚಿತ.

ಚಳ್ಳಕೆರೆಯ ಬಿಸಿಲು

ಇದುವರೆಗೆ ಗಾಳಿಯ ಸಾಂದ್ರತೆಯನ್ನು ಮರೆತಿದ್ದೆವು. ಚಳ್ಳಕೆರೆಯ ಸೀಮೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಬೇಸಗೆಯ ಮಧ್ಯಾಹ್ನ 35 ಡಿಗ್ರಿ ಶಾಖವೆಂದರೆ ಅಲ್ಲಿ ವಿಶೇಷವಲ್ಲ. ಎತ್ತರ ಮತ್ತು ಶಾಖ ಎರಡೂ ಗಾಳಿಯನ್ನು ತೆಳುವಾಗಿಸುತ್ತವೆ. ಲೆಕ್ಕ ಮಾಡಿದರೆ, ಸಮುದ್ರಮಟ್ಟದ ಪ್ರಮಾಣಿತ ಗಾಳಿ ಘನ ಮೀಟರಿಗೆ 1.225 ಕಿಲೋಗ್ರಾಂ ತೂಗಿದರೆ, ಚಳ್ಳಕೆರೆಯ ಆ ಮಧ್ಯಾಹ್ನದ ಗಾಳಿ 1.07 ಕಿಲೋಗ್ರಾಂ ಮಾತ್ರ. ಪ್ರಮಾಣಿತ ವಾಯುಮಂಡಲದಲ್ಲಿ ಇಷ್ಟು ತೆಳುವಾದ ಗಾಳಿ ಸಿಕ್ಕುವುದು ಸುಮಾರು 1,400 ಮೀಟರು ಎತ್ತರದಲ್ಲಿ. ಎಂದರೆ, ಬಯಲಿನಲ್ಲಿ ಚಕ್ರವೂರಿ ನಿಂತಿರುವ ವಿಮಾನವು ಗಾಳಿಯ ಲೆಕ್ಕದಲ್ಲಿ ಜಟಿಂಗ ರಾಮೇಶ್ವರದ ನೆತ್ತಿಗಿಂತ ಎತ್ತರದಲ್ಲಿದೆ!

ಇದರ ಪರಿಣಾಮವನ್ನು ನಮ್ಮ 115 ಅಶ್ವಶಕ್ತಿಯ ವಿಮಾನದಲ್ಲಿ ನೋಡೋಣ. ರೆಕ್ಕೆ ಸೋಲುವ ವೇಗವು ಸಮುದ್ರಮಟ್ಟದಲ್ಲಿ ಗಂಟೆಗೆ 108 ಕಿಲೋಮೀಟರು ಇದ್ದುದು ಇಲ್ಲಿ 116ಕ್ಕೆ ಏರುತ್ತದೆ. ತೆಳು ಗಾಳಿಯನ್ನು ಉಸಿರಾಡುವ ಎಂಜಿನು ತನ್ನ ಶಕ್ತಿಯಲ್ಲಿ ಏಳರಲ್ಲಿ ಒಂದು ಪಾಲನ್ನು ಕಳೆದುಕೊಂಡು 99 ಅಶ್ವಶಕ್ತಿಗೆ ಇಳಿಯುತ್ತದೆ. ಹೆಚ್ಚು ವೇಗ ಮುಟ್ಟಬೇಕು, ಕಡಿಮೆ ಶಕ್ತಿಯಿಂದ ಮುಟ್ಟಬೇಕು. ಆದುದರಿಂದ ನೆಲದ ಮೇಲಿನ ಓಟವು ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಪ್ರೊಪೆಲರಿನಿಂದ ಗಾಳಿಗೆ ತಲುಪುವುದು 74, ಮಟ್ಟದ ಹಾರಾಟಕ್ಕೇ ಈಗ 43 ಬೇಕು, ಉಳಿಯುವುದು 31. ಏರಿಕೆಯು ಸೆಕೆಂಡಿಗೆ 5.7 ಮೀಟರಿನಿಂದ 3.9ಕ್ಕೆ ಇಳಿಯಿತು. ಎಂಜಿನು ಕಳೆದುಕೊಂಡುದು ಏಳರಲ್ಲಿ ಒಂದು ಪಾಲು; ಏರಿಕೆ ಕಳೆದುಕೊಂಡುದು ಮೂರರಲ್ಲಿ ಒಂದು ಪಾಲು. ಓಟದ ಹಾದಿಯ ತುದಿಯಲ್ಲಿ ಗುಡ್ಡವೋ ವಿದ್ಯುತ್ ತಂತಿಯೋ ಇದ್ದರೆ, ಬೆಳಗಿನ ತಂಪಿನಲ್ಲಿ ಸುಖವಾಗಿ ಏರಿದ ವಿಮಾನವು ಮಧ್ಯಾಹ್ನ ಅದಕ್ಕೇ ಹೋಗಿ ತಾಗಬಹುದು. ಈ ಸಣ್ಣ ಗುಣಾಕಾರ ಭಾಗಾಕಾರವನ್ನು ಕಡೆಗಣಿಸಿ ಎಷ್ಟೋ ಚಾಲಕರು ಪ್ರಾಣ ಕಳೆದುಕೊಂಡಿದ್ದಾರೆ.

ಬಯಲಿನ ಮೇಲಿನ ಮೂರು ರೆಕ್ಕೆಗಳು

ಈಗ ವರವು ಕಾವಲಿನ ಮೇಲೆ ಹಾರಿದ ರೆಕ್ಕೆಗಳನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು.

ಮೊದಲನೆಯದು ರುಸ್ತುಮ್-2, ಅಥವಾ ‘ತಪಸ್’. ಅದು 2016ರ ನವೆಂಬರಿನಲ್ಲಿ ಇಲ್ಲಿಂದ ಮೊದಲು ಹಾರಿತು. ಹೆಸರು ಮತ್ತು ಅನುಭವ ರುಸ್ತುಮ್-1ರಿಂದ ಬಂದವು, ರೂಪವಾದರೋ ಬೇರೆ. ಗಂಟೆಗಟ್ಟಲೆ ಆಕಾಶದಲ್ಲಿದ್ದು ಕಾವಲು ಕಾಯುವುದು ಇದರ ಕೆಲಸ. ಆದುದರಿಂದ ಹದ್ದಿನ ರೆಕ್ಕೆ. ಅದರ ಉದ್ದ 20.6 ಮೀಟರು, ಅದರ ಮೇಲೆ ಎರಡು ಎಂಜಿನುಗಳು. ಸೇನೆಯವರು ಕೇಳಿದುದು 30,000 ಅಡಿ ಎತ್ತರ, 24 ಗಂಟೆಗಳ ಹಾರಾಟ. ಪರೀಕ್ಷೆಗಳಲ್ಲಿ ಅದು ಮುಟ್ಟಿದುದು 28,000 ಅಡಿ, 18 ಗಂಟೆಗೆ ತುಸು ಮಿಗಿಲು. ಕೊನೆಯ ಆ 2,000 ಅಡಿ ಏಕೆ ಕಠಿನ? 30,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ 37ರಷ್ಟು ಮಾತ್ರ. ಅದೇ ತೂಕವನ್ನು ಅದೇ ಓರೆಯಲ್ಲಿ ಎತ್ತಿ ಹಿಡಿಯಲು ವೇಗವೂ ಶಕ್ತಿಯೂ 1.6 ಮಡಿ ಬೇಕು. ಎಂಜಿನಿಗಾದರೋ ಉಸಿರಾಡಲು ಮೂರನೆಯ ಒಂದು ಪಾಲಿನಷ್ಟೇ ಗಾಳಿ. ಅಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೂ ಲೆಕ್ಕ ಒಪ್ಪಿಸಬೇಕು. ಈ ಪರೀಕ್ಷೆಗಳ ಅವಧಿಯಲ್ಲಿ, 2019ರ ಸೆಪ್ಟೆಂಬರಿನಲ್ಲಿಯೂ 2023ರ ಆಗಸ್ಟಿನಲ್ಲಿಯೂ, ಇಂಥ ವಿಮಾನಗಳು ಇದೇ ಜಿಲ್ಲೆಯ ಹೊಲಗಳಲ್ಲಿ ಬಿದ್ದುವು. ಒಳಗೆ ಮನುಷ್ಯರಿರಲಿಲ್ಲವಾದುದರಿಂದ ನಷ್ಟವು ಯಂತ್ರದಷ್ಟಕ್ಕೇ ನಿಂತಿತು.

ಎರಡನೆಯದು 2022ರ ಜುಲೈ 1ರಂದು ಹಾರಿದ ಹಾರುವ ರೆಕ್ಕೆ. 2023ರ ಡಿಸೆಂಬರಿನಲ್ಲಿ ಅದು ಬಾಲವೇನೂ ಇಲ್ಲದ ರೂಪದಲ್ಲಿ ಹಾರಿ ಇಳಿಯಿತು. ಬಾಲವಿಲ್ಲದಿದ್ದರೆ ಮೈತಡೆ ಕಡಿಮೆ, ವೈರಿಯ ರೇಡಾರಿಗೆ ಕಾಣುವುದೂ ಕಡಿಮೆ. ಆದರೆ ಸಮತೋಲವನ್ನು ಗಣಕಯಂತ್ರವು ಕ್ಷಣಕ್ಷಣವೂ ಕಾಯಬೇಕು. ಈ ವೇಗದ ರೆಕ್ಕೆಗೆ ಪ್ರೊಪೆಲರು ತಕ್ಕುದಲ್ಲ. ಅದಕ್ಕೆ ಪುಟ್ಟ ಜೆಟ್ ಎಂಜಿನನ್ನು ಅಳವಡಿಸಿದರು.

ಮೂರನೆಯದು ಇಸ್ರೋ ಸಂಸ್ಥೆಯ ‘ಪುಷ್ಪಕ್’. ಆಕಾಶಕ್ಕೆ ಹೋಗಿ ಮರಳಿ ಬರಬಲ್ಲ ವಾಹನದ ಮಾದರಿಯಿದು. 2023 ಮತ್ತು 2024ರಲ್ಲಿ ಮೂರು ಬಾರಿ ಹೆಲಿಕಾಪ್ಟರು ಇದನ್ನು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿ ಓಟದ ಹಾದಿಯನ್ನು ಹುಡುಕಿ ಇಳಿಯಿತು. ಇಳಿಯುವಾಗ ಅದಕ್ಕೆ ಎಂಜಿನಿನ ನೆರವೇ ಇಲ್ಲ. ಅದರ ಮೊಟಕು ತ್ರಿಕೋನ ರೆಕ್ಕೆಯು ವಾಯುಮಂಡಲವನ್ನು ಅತಿವೇಗದಲ್ಲಿ ಹೊಗುವಾಗಿನ ಶಾಖವನ್ನು ತಾಳುವುದಕ್ಕಾಗಿ ರೂಪಿಸಿದುದು, ತೇಲುವುದಕ್ಕಾಗಿ ಅಲ್ಲ. ಆದುದರಿಂದ ಅದು ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಮೀರುತ್ತದೆ. ಲಾಂಗ್ ಈಜಿಯು ಅದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಇಳಿಯುತ್ತದೆ.

ಮೂರೂ ಒಂದೇ ಬಯಲಿನ ಮೇಲೆ, ಒಂದೇ ಗಾಳಿಯಲ್ಲಿ ಹಾರಿದುವು. ಮೂರರ ರೆಕ್ಕೆಯೂ ಸರಿಯೇ. ಏಕೆಂದರೆ ಕೆಲಸ ಬೇರೆ ಬೇರೆ.

ಮೊದಲು ಲೆಕ್ಕ, ಆಮೇಲೆ ಗರಗಸ

ವಿಮಾನವನ್ನು ತಾನೇ ಕಟ್ಟಬೇಕೆಂಬ ಆಸೆ ನಮ್ಮ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳಲ್ಲಿದೆ. ಅವರಲ್ಲಿ ಹಲವರು ಮೊದಲು ಹುಡುಕುವುದು ಎಂಜಿನನ್ನು. ಮೋಟಾರು ಸೈಕಲ್ಲಿನದೋ ಹಳೆಯ ಕಾರಿನದೋ ಸಿಕ್ಕಿದರೆ ಸಾಕು, ಅದಕ್ಕೆ ರೆಕ್ಕೆ ಕಟ್ಟಲು ಹೊರಡುತ್ತಾರೆ. ಕ್ರಮವು ಇದಕ್ಕೆ ತಿರುಗುಮುರುಗಾಗಿರಬೇಕು. ಯಾರನ್ನು, ಎಷ್ಟು ದೂರ, ಯಾವ ನೆಲದಿಂದ, ಯಾವ ಬಿಸಿಲಿನಲ್ಲಿ ಒಯ್ಯಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಅದರಿಂದ ತೂಕ ತಿಳಿಯುವುದು. ತೂಕದಿಂದಲೂ ಇಳಿಯುವ ವೇಗದಿಂದಲೂ ರೆಕ್ಕೆಯ ವಿಸ್ತೀರ್ಣ, ಹಾರಾಟದ ಅವಧಿಯಿಂದ ರೆಕ್ಕೆಯ ನೀಳ, ಬೇಕಾದ ಏರಿಕೆಯಿಂದ ಎಂಜಿನಿನ ಶಕ್ತಿ. ಎಂಜಿನಿನ ತೂಕವನ್ನು ಸೇರಿಸಿ ಮೊದಲ ತೂಕವನ್ನು ತಿದ್ದಿಕೊಂಡು, ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಎರಡು ಲೆಕ್ಕಗಳ ಉತ್ತರ ಒಂದೇ ಆಗುವವರೆಗೂ ಗರಗಸವನ್ನು ಮುಟ್ಟಬಾರದು. ಮನುಷ್ಯನು ಕುಳಿತು ಹಾರುವ ವಿಮಾನಕ್ಕೆ ಭಾರತದಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯದ ಅನುಮತಿಯೂ ಬೇಕು. ಅವರು ಕೇಳುವ ಪ್ರಶ್ನೆಗಳೂ ಇವೇ.

ಹೆಚ್ಚಿನ ಎಂಜಿನು ಕೊರತೆಯ ರೆಕ್ಕೆಯನ್ನು ಸ್ವಲ್ಪ ಹೊತ್ತು ಮರೆಮಾಡಬಲ್ಲದು, ಸರಿಪಡಿಸಲಾರದು. ಎಂಜಿನು ನಿಂತ ಗಳಿಗೆಯಲ್ಲಿ ಚಾಲಕನ ಪಾಲಿಗೆ ಉಳಿಯುವುದು ರೆಕ್ಕೆಯೊಂದೇ. ಲಾಂಗ್ ಈಜಿಯನ್ನು ರೂಪಿಸಿದ ರುಟಾನ್ ಅವರೂ ಬೆಂಗಳೂರಿನಲ್ಲಿ ಅದನ್ನು ಹೊಸದಾಗಿ ರೂಪಿಸಿದ ದಮಾನಿಯಾ ಅವರ ತಂಡದವರೂ ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿದ ಮೇಲೆಯೇ ಆಕಾಶಕ್ಕೆ ಹೋದರು. ಚಳ್ಳಕೆರೆಯ ಶಾಖ, ಎತ್ತರಗಳನ್ನು ಮೇಲೆ ಕೊಟ್ಟಿದೆ. ನಿಮ್ಮ ಊರಿನ ಎತ್ತರವನ್ನೂ ಈ ದಿನದ ಶಾಖವನ್ನೂ ತಿಳಿದುಕೊಂಡು, ಅಲ್ಲಿ ನಿಂತ ವಿಮಾನವು ಗಾಳಿಯ ಲೆಕ್ಕದಲ್ಲಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೀವೇ ಕಂಡುಹಿಡಿಯಿರಿ. ವಿಮಾನವನ್ನು ಕಟ್ಟುವ ಕೆಲಸ ಅಲ್ಲಿಂದ ಮೊದಲಾಗುತ್ತದೆ.